ಅಪ್ಪಣೆ ಕೊಡಲು ಇವರು ಯಾರು?

ಲಿಬರ್ಟೇರಿಯನಿಸಂ ಎಂಬ ಹೆಸರು ಕೇಳಿದೊಡನೆ ನಮ್ಮ ಪ್ರಗತಿಪರ ಗೆಳೆಯರು ಮೂಗು ಮುರಿಯುತ್ತಾರೆ. ಅದು ಶ್ರೀಮಂತರ ವೇದಾಂತ ಎನ್ನುತ್ತಾರೆ. ಅದನ್ನು ಹೊಗಳುವವರೂ ಈ ಆರೋಪ ನಿಜವೆನ್ನುವ ಹಾಗೆಯೇ ನಡೆದುಕೊಳ್ಳುತ್ತಾರೆ. ಅವರ ಸ್ವಾತಂತ್ರ್ಯ ಷೇರುಪೇಟೆಯ ಬಾಗಿಲಲ್ಲೇ ಮುಗಿದು ಹೋಗುತ್ತದೆ. ಇಬ್ಬರೂ ಸೇರಿ ಒಂದು ಒಳ್ಳೆಯ ವಿಚಾರವನ್ನು ಕೆಡಿಸಿದ್ದಾರೆ ಎಂಬುದು ನಮ್ಮ ತಕರಾರು.

ಆ ವಿಚಾರದ ತಿರುಳು ಸರಳ. ಮನುಷ್ಯ ತನ್ನ ದೇಹಕ್ಕೆ, ದುಡಿಮೆಗೆ ತಾನೇ ಒಡೆಯ. ಇನ್ನೊಬ್ಬರಿಗೆ ಕೇಡು ಮಾಡದಿರುವ ತನಕ ಅವನನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಹಿಂಸೆ, ಕಳವು, ಮೋಸಗಳಿಂದ ಜನರನ್ನು ಕಾಪಾಡುವುದು, ಒಪ್ಪಂದಗಳನ್ನು ಪಾಲಿಸುವಂತೆ ಮಾಡುವುದು. ಸರಕಾರದ ಕೆಲಸ ಇಷ್ಟೇ ಎಂದು ಅಮೆರಿಕದ ರಾಬರ್ಟ್ ನೋಝಿಕ್ 1974ರಲ್ಲಿ ವಾದಿಸಿದರು. ಅಷ್ಟು ದೂರ ಹೋಗದಿದ್ದರೂ, 1959ರಲ್ಲೇ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧ ನಿಂತರು. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನಗಳು ದಕ್ಕಿದ್ದವು.

ಪರ್ಮಿಟ್ಟಿನಿಂದ ನಿಜವಾಗಿ ಸೋತವರು ಯಾರು? ದೊಡ್ಡ ಕುಳಗಳಿಗೆ ದಿಲ್ಲಿಯಲ್ಲಿ ಏಜೆಂಟರಿದ್ದರು. ತಳ್ಳುಗಾಡಿಯವನಿಗೆ ಯಾರಿದ್ದರು? 1991ರಲ್ಲಿ ಕಾರ್ಖಾನೆಗಳ ಸಂಕೋಲೆ ಕಳಚಿತು. ಬೀದಿ ವ್ಯಾಪಾರಿಗೆ ದೇಶಮಟ್ಟದ ಒಂದು ಕಾಯ್ದೆ ಬರಲು 2014ರ ತನಕ ಕಾಯಬೇಕಾಯಿತು. ಅದು ಬಂದ ಮೇಲೂ ಅವನ ಗಾಡಿಯನ್ನು ಲಾರಿಗೆ ಎತ್ತಿಹಾಕುವ ಕೈಗಳು ಸುಮ್ಮನಾಗಿಲ್ಲ.

ಇನ್ನು ಮದುವೆ. ಒಂದೇ ಧರ್ಮದ ಇಬ್ಬರು ಒಪ್ಪಿದರೆ ನಿಖಾಹ್ ಒಂದು ದಿನದ ಕೆಲಸ, ಧಾರೆಯೂ ಅಷ್ಟೆ. ಬೇರೆ ಬೇರೆ ಧರ್ಮದವರು ತಮ್ಮ ಧರ್ಮ ಬಿಡದೆ ಮದುವೆಯಾಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆಯಂತೆ 30 ದಿನ ಮೊದಲೇ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು ಎನ್ನುತ್ತದೆ ಕಾಯ್ದೆ. ಆ ಗೋಡೆಯನ್ನು ಆಸಕ್ತಿಯಿಂದ ಓದುವವರು ಯಾರು? ದೊಣ್ಣೆ ಹಿಡಿದು ಹುಡುಗಿಯ ಮನೆಗೆ ಹೋಗುವವರು! ನೋಟಿಸು ಪ್ರಕಟಿಸುವುದು ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದು ಅಲಹಾಬಾದ್ ಹೈಕೋರ್ಟು 2021ರಲ್ಲಿ ಹೇಳಿತು. 1991ಕ್ಕೆ ಚಪ್ಪಾಳೆ ತಟ್ಟಿದ ನಮ್ಮ ಮುಕ್ತ ಮಾರುಕಟ್ಟೆಯ ಪಂಡಿತರಲ್ಲಿ ಎಷ್ಟು ಮಂದಿ ಈ ತೀರ್ಪಿಗೂ ತಟ್ಟಿದರು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. ಲಿಬರ್ಟೇರಿಯನ್ ಎಂಬ ಹಣೆಪಟ್ಟಿ ಇಲ್ಲದೆಯೇ ಆ ಹಿರಿಯರು ಅದರ ಮುಖ್ಯ ಪ್ರಶ್ನೆಯನ್ನು ಕೇಳಿದರು: ನನ್ನ ಬದುಕಿನೊಳಗೆ ಕೈಯಿಡಲು ನೀವು ಯಾರು?

ಈ ತತ್ವಕ್ಕೆ ಕುಂದಿಲ್ಲವೆಂದು ನಾವು ಹೇಳುತ್ತಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡ್ ಕೆರೆಯ ನೀರು ಮುಟ್ಟಿದಾಗ ಅಡ್ಡ ಬಂದದ್ದು ಸರಕಾರವಲ್ಲ, ಜಾತಿ. ಸರಕಾರ ದೂರ ಸರಿದರೆ ಸಾಕು, ಮನುಷ್ಯ ಬಿಡುಗಡೆಯಾಗುತ್ತಾನೆ ಎನ್ನುವವರು ಆ ಕೆರೆಯ ದಡದಲ್ಲಿ ಒಂದು ಗಳಿಗೆ ನಿಲ್ಲಬೇಕು. ಅಪ್ಪಣೆ ಕೊಡುವವರು ಕಚೇರಿಗಳಲ್ಲಷ್ಟೇ ಇಲ್ಲ. ಜಮಾಅತಿನಲ್ಲಿ, ಮಠದಲ್ಲಿ, ಜಾತಿ ಪಂಚಾಯತಿಯಲ್ಲೂ ಕುಳಿತಿದ್ದಾರೆ. ಬಲವಂತ ಯಾರದ್ದಾದರೂ ಬಲವಂತವೇ. ದುರ್ಬಲನ ಮೇಲೆ ಎತ್ತಿದ ಕೈಯನ್ನು ಹಿಡಿಯಲಾರದ ಸರಕಾರ ಎಷ್ಟು ಚಿಕ್ಕದಾಗಿದ್ದರೇನು?

ಆದ್ದರಿಂದ ಈ ತತ್ವವನ್ನು ಕೋಟ್ಯಧೀಶನ ಕೈಯಿಂದ ಬಿಡಿಸಿ ಗಾಡಿಯವನ ಕೈಗೆ, ಆ ಹುಡುಗಿಯ ಕೈಗೆ ಕೊಡೋಣ. ಅದರ ಅಗತ್ಯ ಹೆಚ್ಚು ಇರುವುದು ಅವರಿಗೆ.