ದಯೆ ಕಂಠಪಾಠದ ವಿಷಯವೇ?

ದಯೆಯನ್ನು ಕುರಿತ ಬಸವಣ್ಣನವರ ವಚನವನ್ನು ಮೊಮ್ಮಗುವಿನ ಬಾಯಿಂದ ಹೇಳಿಸಿ ನೆಂಟರ ಮುಂದೆ ಹಿಗ್ಗುವ ಅಜ್ಜ ಅಜ್ಜಿಯರು ಶರಣಪರಂಪರೆಯ ಮನೆಗಳಲ್ಲಿ ಅನೇಕರಿದ್ದಾರೆ. ಹಿಗ್ಗುವುದು ತಪ್ಪಲ್ಲ. ಆದರೆ ಅದೇ ಮನೆಯ ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ಬೇರೆಯಾಗಿ ಇರಿಸಿದ ಲೋಟದಲ್ಲಿ ಚಹಾ ಕೊಡಲಾಗುತ್ತಿದ್ದರೆ, ಮಗು ಅದನ್ನೂ ನೋಡುತ್ತಿರುತ್ತದೆ. ವಚನ ಅದರ ನಾಲಿಗೆಯಲ್ಲಿ ಉಳಿಯುತ್ತದೆ. ಆ ಲೋಟ ಅದರ ಮನಸ್ಸಿನಲ್ಲಿ ಉಳಿಯುತ್ತದೆ. ನುಡಿಯೂ ನಡೆಯೂ ಒಂದಾಗಿರಬೇಕೆಂದು ಸಾರಿದ ಶರಣರಿಗೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ.

“ಮಕ್ಕಳು ಇನ್ನೂ ಎಳೆಯರು, ಬೆಳೆದಂತೆ ತಾವೇ ತಿಳಿದುಕೊಳ್ಳುತ್ತಾರೆ” ಎಂಬುದು ಕೆಲವು ಹಿರಿಯರ ಸಮಾಧಾನ. ಈ ಸಮಾಧಾನ ಹುಸಿಯಾದುದು. ಅಳುತ್ತಿರುವ ಇನ್ನೊಂದು ಕೂಸಿನ ಕೈಗೆ ತನ್ನ ಆಟಿಕೆಯನ್ನಿಡುವ ಮಗುವನ್ನು ಕಾಣದವರು ಯಾರು? ಕನಿಕರ ಅದಕ್ಕೆ ಹೊಸತಲ್ಲ. ಯಾರಿಗೆ ಕನಿಕರ ತೋರಬಾರದು ಎಂಬುದನ್ನು ಮಾತ್ರ ಅದು ಹಿರಿಯರಿಂದ ಕಲಿಯುತ್ತದೆ. “ಆ ಹುಡುಗನೊಡನೆ ಆಡಬೇಡ”, “ಅವರ ಮನೆಯಲ್ಲಿ ನೀರು ಕುಡಿಯಬೇಡ” ಎಂಬ ಮಾತುಗಳು ಆಡಿದವರಿಗೆ ಮರೆತುಹೋಗಬಹುದು, ಕೇಳಿದ ಮಗುವಿಗೆ ಮರೆಯುವುದಿಲ್ಲ.

ಮೊಮ್ಮಕ್ಕಳ ಕೈಯಿಂದ ದಾನ ಮಾಡಿಸುತ್ತಿರುವುದಾಗಿ ಇನ್ನು ಕೆಲವರು ಹೇಳಿಕೊಳ್ಳುತ್ತಾರೆ. ಹುಟ್ಟುಹಬ್ಬದಂದು ಅನಾಥಾಲಯಕ್ಕೆ ಹೋಗಿ, ಹಣ್ಣು ಹಂಚಿ, ಫೋಟೋ ತೆಗೆಸಿಕೊಂಡು ಮರಳುವ ಮಗು ಕಲಿಯುವುದೇನನ್ನು? ಕೊಡುವ ಕೈ ಮೇಲು, ಪಡೆಯುವ ಕೈ ಕೀಳು ಎಂಬ ಅಹಂಕಾರವನ್ನು. ಈ ಅಹಂಕಾರವನ್ನು ಅಳಿಸಲೆಂದೇ ಶರಣರು ದಾನದ ಸ್ಥಾನದಲ್ಲಿ ದಾಸೋಹವನ್ನಿರಿಸಿದರು. ದಾಸೋಹದಲ್ಲಿ ನೀಡುವವನೇ ದಾಸ. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳವರ ಆಶ್ರಯದಲ್ಲಿ, ಸಾವಿರಾರು ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಒಟ್ಟಿಗೆ ಕುಳಿತು ಉಂಡರು. ಆ ಪಂಕ್ತಿಯಲ್ಲಿ ಮೊಮ್ಮಗುವನ್ನು ಕೂರಿಸಿ ಉಣಿಸುವುದು, ಹಣ್ಣು ಹಂಚಿಸುವುದಕ್ಕಿಂತ ಹಿರಿದಾದ ಪಾಠ.

ಕಥೆ ಹೇಳುವ ಅಜ್ಜಿಗೆ ಆಯ್ದಕ್ಕಿ ಲಕ್ಕಮ್ಮನವರಿದ್ದಾರೆ. ಪತಿ ಮಾರಯ್ಯನವರು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ತಾಯಿ ಆಕೆ. ಹೆಚ್ಚಿನದು ಇನ್ನೊಬ್ಬರ ಪಾಲು ಎಂಬ ಅರಿವು ಐದು ವರುಷದ ಮಗುವಿಗೂ ತಿಳಿಯುವಂಥದು. ಆದರೆ ತಟ್ಟೆಯಲ್ಲಿ ಅನ್ನ ಬಿಟ್ಟೇಳುವ ಅಜ್ಜಿ ಈ ಕಥೆಯನ್ನು ಹೇಳಿ ಫಲವಿಲ್ಲ.

ನಾಗರಪಂಚಮಿಯ ದಿನವನ್ನೂ ನೆನೆಯಬೇಕು. ಕಲ್ಲಿನ ಹಾವಿಗೆ ಹಾಲೆರೆದು ನಿಜದ ಹಾವನ್ನು ಬಡಿಯುವ ಇಬ್ಬಂದಿತನವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಬಯಲಿಗೆಳೆದರು. ಹಾಲು ಹಾವಿನ ಆಹಾರವೇ ಅಲ್ಲ. ಆ ದಿನ ಹಸಿದ ಮಕ್ಕಳಿಗೆ ಹಾಲು ಹಂಚುವ ರೂಢಿ ನಾಡಿನ ಕೆಲವೆಡೆ ಬೆಳೆದಿದೆ. ಮೊಮ್ಮಗುವಿನ ಕೈಹಿಡಿದು ಅಜ್ಜ ಹೋಗಬೇಕಾದದ್ದು ಅಲ್ಲಿಗೆ.

ಭಕ್ತರು ಇಂದೇ ಆ ಬೇರೆ ಲೋಟವನ್ನು ಮನೆಯಿಂದ ತೆಗೆಯಲಿ. ಕೆಲಸಕ್ಕೆ ಬರುವಾಕೆಯನ್ನು ಮೊಮ್ಮಗು “ಅಕ್ಕ” ಎಂದು ಕರೆಯಲಿ. ಅಜ್ಜನೂ ಬಹುವಚನದಲ್ಲಿ ಮಾತನಾಡಿಸಲಿ. ಸಿಟ್ಟಿನಿಂದ ಆಡಿದ ಮಾತಿಗೆ ಹಿರಿಯರು ಮಗುವಿನ ಎದುರಿನಲ್ಲಿಯೇ ಆಕೆಯ ಕ್ಷಮೆ ಕೇಳಲಿ. ಅನಂತರ ವಚನವನ್ನು ಕಲಿಸಲಿ. ಆಗ ಅದರ ಅರ್ಥವನ್ನು ಮಗುವಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ.