ಗಂಡನ ಸಾಲ, ಹೆಂಡತಿಯ ಸಂಬಳ

ವಾಲ್ಪಾರೈ ಎಸ್ಟೇಟಿನಿಂದ ಇಳಿದು ಬಂದು ಸೂಲೂರಿನ ಕಡೆ ನೂಲಿನ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ ಒಬ್ಬ ತಂಗಿ ಕಳೆದ ಸಂಬಳದ ವಾರ ನಮ್ಮಲ್ಲಿಗೆ ಬಂದಿದ್ದಳು. ಗಂಡ ಇನ್ನೂ ಬೆಟ್ಟದ ಮೇಲೆಯೇ ಇದ್ದಾನೆ. ಅವನು ವಾರಬಡ್ಡಿಗೆ ಎತ್ತಿದ 40,000 ರೂಪಾಯಿಗಾಗಿ ಸಾಲ ಕೊಟ್ಟವನು ಇಲ್ಲಿಯ ತನಕ ಬಂದು, ಗಿರಣಿಯ ಗೇಟಿನ ಬಳಿ ನಾಲ್ಕು ಜನರ ಎದುರಿಗೆ, "ಗಂಡ ಕೊಡದಿದ್ದರೆ ಹೆಂಡತಿ ಕೊಡಬೇಕು. ಗಂಡ ಹೆಂಡಿರು ಒಂದೇ ಶರೀರ ಅಂತ ನಿಮ್ಮ ಬೈಬಲೇ ಹೇಳುತ್ತದಲ್ಲ" ಎಂದನಂತೆ. ಆಕೆ ನಮ್ಮನ್ನು ಕೇಳಿದ್ದು ಒಂದೇ ಮಾತು: "ಉಪದೇಶಿಯವರೇ, ಅದು ನಿಜವೇ?"

ಕಾರ್ಮಿಕ ಬಂಧುಗಳೇ, ಕೆಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆ ಬಂದಾಗ, "ಹೋಗಲಿ ತಾಯಿ, ಮನೆಯ ಮಾನ ಉಳಿಯಲಿ, ಕೊಟ್ಟುಬಿಡು" ಎಂದು ನಾವೇ ಬುದ್ಧಿ ಹೇಳಿದ್ದೆವು. ಆಕೆ ಕಿವಿಯೋಲೆ ಮಾರಿ ಕೊಟ್ಟಳು. ಆರು ತಿಂಗಳಲ್ಲಿ ಗಂಡ ಅದೇ ಸಾಹುಕಾರನ ಬಳಿ ಮತ್ತೆ ಸಾಲ ಎತ್ತಿದ. ನಾವು ಹೇಳಿದ್ದು ತಪ್ಪಾಗಿತ್ತು. ಆ ತಪ್ಪಿನಿಂದಲೇ ಈ ವಿಷಯವನ್ನು ತಿಳಿದವರಲ್ಲಿ ಕೇಳಿ ಕಲಿತೆವು.

ಕಾನೂನು ಹೇಳುವುದು ಸ್ಪಷ್ಟವಾಗಿದೆ. ತಾಳಿ ಕಟ್ಟಿದ ಮಾತ್ರಕ್ಕೆ, ಉಂಗುರ ತೊಡಿಸಿದ ಮಾತ್ರಕ್ಕೆ, ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುವುದಿಲ್ಲ. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ 20ನೇ ಕಲಮು, ಮದುವೆಯಿಂದ ಗಂಡನಿಗೆ ಹೆಂಡತಿಯ ಆಸ್ತಿಯಲ್ಲಾಗಲಿ ಹೆಂಡತಿಗೆ ಗಂಡನ ಆಸ್ತಿಯಲ್ಲಾಗಲಿ ಹಕ್ಕು ಹುಟ್ಟುವುದಿಲ್ಲ ಎನ್ನುತ್ತದೆ. ಅದಕ್ಕೂ ಮುಂಚೆ 1874ರಲ್ಲೇ ವಿವಾಹಿತ ಸ್ತ್ರೀಯರ ಆಸ್ತಿ ಕಾನೂನು, ಹೆಂಗಸು ದುಡಿದ ಕೂಲಿ ಅವಳ ಸ್ವಂತದ್ದು ಎಂದು ಬರೆದಿಟ್ಟಿತು. ಎಲೆ ಕಿತ್ತು ತೂಕ ಹಾಕಿಸಿ ಪಡೆದ ಸಂಬಳವಾಗಲಿ, ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿ ಪಡೆದದ್ದಾಗಲಿ, ಗಂಡನ ಸಾಹುಕಾರನಿಗೆ ಅದರ ಮೇಲೆ ಕೈ ಇಲ್ಲ. ಕೂಲಿಯವರ ಕೂಲಿಯನ್ನು ಕೋರ್ಟು ಕೂಡ ಜಪ್ತಿ ಮಾಡುವ ಹಾಗಿಲ್ಲ. ಡಿಕ್ರಿ ಹಿಡಿದುಕೊಂಡು ಅಮೀನ ಬಂದರೂ ಅಡಿಗೆಯ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ಕಸುಬಿನ ಉಪಕರಣ ಇವನ್ನು ಮುಟ್ಟಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಬೀಸುವ ಕಲ್ಲನ್ನು ಅಡವು ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿದ್ದೂ ಇದೇ ಕಾರಣಕ್ಕೆ. ಹಣದ ಡಿಕ್ರಿಗಾಗಿ ಹೆಂಗಸನ್ನು ಸಿವಿಲ್ ಜೈಲಿಗೆ ಹಾಕುವಂತೆಯೂ ಇಲ್ಲ. "ಪೊಲೀಸರನ್ನು ಕರೆತಂದು ಒಳಗೆ ಹಾಕಿಸುತ್ತೇನೆ" ಎಂಬ ಬೆದರಿಕೆಗೆ ಅಷ್ಟೇ ಬೆಲೆ.

ಆದರೆ ಸಹಿ ಹಾಕಿದ್ದರೆ ಮಾತು ಬೇರೆ. ಸಾಲಪತ್ರದಲ್ಲಿ ಹೆಂಡತಿಯೂ ಸಾಲಗಾರಳಾಗಿ ಸಹಿ ಹಾಕಿದ್ದರೆ ಆಕೆ ಸಾಲಗಾರಳೇ. ಜಾಮೀನು ನಿಂತಿದ್ದರೆ, 1872ರ ಕರಾರು ಕಾನೂನಿನ ಪ್ರಕಾರ ಸಾಲ ಮಾಡಿದವನಿಗಿರುವಷ್ಟೇ ಹೊಣೆ ಜಾಮೀನುದಾರಳಿಗೂ ಇರುತ್ತದೆ. ಮೊದಲು ಗಂಡನನ್ನೇ ಹಿಡಿಯಬೇಕೆಂಬ ಕಟ್ಟಳೆಯೂ ಸಾಹುಕಾರನಿಗಿಲ್ಲ. ಬರೀ ಸಾಕ್ಷಿಯಾಗಿ ಸಹಿ ಹಾಕಿದವಳು ಜಾಮೀನುದಾರಳಲ್ಲ. ಇನ್ನು ಸ್ಟಾಂಪು ಅಂಟಿಸಿದ ಖಾಲಿ ಪ್ರೋನೋಟು. ನಮ್ಮ ಲೈನ್ ಮನೆಗಳಲ್ಲಿ ಇದರಷ್ಟು ಸಂಸಾರ ಕೆಡಿಸಿದ ಕಾಗದ ಇನ್ನೊಂದಿಲ್ಲ. ಖಾಲಿ ನೋಟಿಗೆ ಸಹಿ ಹಾಕಿ ಕೊಟ್ಟವರು ಅದನ್ನು ತುಂಬುವ ಅಧಿಕಾರವನ್ನೂ ಕೊಟ್ಟ ಹಾಗೆ ಎಂದು 1881ರ ಕಾನೂನು ಎಣಿಸುತ್ತದೆ. ಐದು ಸಾವಿರಕ್ಕೆ ಒತ್ತಿದ ಹೆಬ್ಬೆಟ್ಟು ಐವತ್ತು ಸಾವಿರವಾಗಲು ಒಂದು ಪೆನ್ನು ಸಾಕು.

ಗಂಡ ತೀರಿಹೋದರೆ? ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ವಿಧವೆಯನ್ನು ನೆನೆಯಿರಿ. ಗಂಡ ದೈವಭಕ್ತನೇ, ಆದರೂ ಸಾಲ ಬಿಟ್ಟು ಸತ್ತ. ಸಾಲಿಗನು ಆಕೆಯ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದ. ಪ್ರವಾದಿ ಎಲೀಷನು ಆಕೆಗೆ "ಇದು ನಿನ್ನ ಕರ್ತವ್ಯ, ಮಕ್ಕಳನ್ನು ಕೊಟ್ಟುಬಿಡು" ಎನ್ನಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದ. ಎಣ್ಣೆ ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಮಕ್ಕಳೊಡನೆ ಜೀವಿಸುವ ದಾರಿ ತೋರಿದ. ನಮ್ಮ ಅಜ್ಜಂದಿರು ಕಂಗಾಣಿಯ ಮುಂಗಡಕ್ಕೆ ಸಿಕ್ಕಿ ಬೆಟ್ಟ ಹತ್ತಿದವರು. ತಂದೆಯ ಮುಂಗಡಕ್ಕೆ ಮಗ ದುಡಿಯುವ ಜೀತವನ್ನು 1976ರ ಕಾನೂನು ರದ್ದು ಮಾಡಿದೆ. ಇಂದು ಸತ್ತವನ ಸಾಲವನ್ನು ಅವನು ಬಿಟ್ಟುಹೋದ ಆಸ್ತಿಯಿಂದ ಮಾತ್ರ ಕೇಳಬಹುದು, ವಿಧವೆಯ ದುಡಿಮೆಯಿಂದಲ್ಲ. ಭವಿಷ್ಯ ನಿಧಿಗೂ ಆ ಸಾಲ ತಗಲುವುದಿಲ್ಲ. ಸದಸ್ಯ ಸತ್ತಾಗ ನಾಮಿನಿಗೆ ಸೇರುವ ಹಣ ಅವನ ಸಾಲದಿಂದ ಮುಕ್ತ ಎಂಬುದು 1952ರ ಕಾನೂನಿನಿಂದ ಬಂದ ರಕ್ಷಣೆ. ಗಂಡನ ಪಿ.ಎಫ್. ಹಣ ಬರುವ ದಿನ ಬಾಗಿಲಲ್ಲಿ ನಿಲ್ಲುವವರಿಗೆ ಇದನ್ನು ಗಟ್ಟಿಯಾಗಿ ಹೇಳಿ.

ಇಷ್ಟು ಓದಿ ಗಂಡಸರು ಸಮಾಧಾನ ಪಡಬೇಡಿ. ಈಗ ಸಾಲ ಬರುವ ದಾರಿ ತಿರುಗಿದೆ. ಗುಂಪು ಸಾಲ ಹೆಂಗಸರ ಹೆಸರಿಗೇ ಬರುತ್ತದೆ. ಆಕೆ ಸಹಿ ಹಾಕುತ್ತಾಳೆ, ಗಂಡ ಬೈಕಿನ ಕಂತು ಕಟ್ಟುತ್ತಾನೆ, ಇಲ್ಲವೆ ಟಾಸ್ಮಾಕ್ ಅಂಗಡಿಗೆ ಸುರಿಯುತ್ತಾನೆ. ವಾರದ ಕಂತಿನ ದಿನ ಬಂದಾಗ "ಸಹಿ ನಿನ್ನದು, ನೀನೇ ನೋಡಿಕೋ" ಎನ್ನುತ್ತಾನೆ. ಕಾನೂನಿನ ಲೆಕ್ಕದಲ್ಲಿ ಅವನ ಮಾತು ಸರಿಯಾಗಿರಬಹುದು. ದೇವರ ಮುಂದೆ, ಸಂಘದ ಮುಂದೆ, ಅದು ಸರಿಯಲ್ಲ. ಒಂದೇ ಶರೀರ ಎಂಬ ಮಾತನ್ನು ಸಾಹುಕಾರನ ಬಾಯಿಂದ ಕೇಳಬೇಕಾದ್ದಿಲ್ಲ, ಈ ಗಂಡನಿಗೆ ನಾವು ಹೇಳಬೇಕು. ಮಗುವಿನ ಆಸ್ಪತ್ರೆಗೆ, ಶಾಲೆಯ ಫೀಸಿಗೆ, ಅಂಗಡಿಯ ಅಕ್ಕಿ ಎಣ್ಣೆಗೆ ಆದ ಸಾಲ ಯಾರ ಹೆಸರಿನಲ್ಲಿದ್ದರೂ ಇಬ್ಬರದು. ಕುಡಿತಕ್ಕೂ ಇಸ್ಪೀಟಿಗೂ ಆದದ್ದು ಮಾಡಿದವನದು. ಇದು ನಮ್ಮ ಅಭಿಪ್ರಾಯ. ಒಪ್ಪದವರು ಬರೆಯಿರಿ.

ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಂತೆ ಗುಂಪು ಸಾಲ ಕೊಡುವವರು ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎಲ್ಲರ ಆದಾಯ ಸೇರಿಸಿ ನೋಡಬೇಕು. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವಸೂಲಿಗೆ ಬರುವವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಕಾಡುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. ಕಂದುವಟ್ಟಿ, ಮೀಟರ್ ಬಡ್ಡಿಯನ್ನು ತಮಿಳುನಾಡು 2003ರಲ್ಲೇ ನಿಷೇಧಿಸಿತು. ಆದರೂ 2017ರ ಅಕ್ಟೋಬರಿನಲ್ಲಿ ತಿರುನೆಲ್ವೇಲಿ ಜಿಲ್ಲಾಧಿಕಾರಿಯ ಕಚೇರಿಯ ಅಂಗಳದಲ್ಲಿ ಒಬ್ಬ ಕೂಲಿಕಾರ, ಅವನ ಹೆಂಡತಿ, ಇಬ್ಬರು ಎಳೆ ಹೆಣ್ಣುಮಕ್ಕಳು ಬಡ್ಡಿಯ ಕಾಟಕ್ಕೆ ಬಲಿಯಾದರು. 2025ರಲ್ಲಿ ಕರ್ನಾಟಕವೂ ತಮಿಳುನಾಡೂ ಬಲವಂತದ ವಸೂಲಿಯ ವಿರುದ್ಧ ಹೊಸ ಕಾನೂನು ತಂದಿವೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಪಡೆಯುವ ಹಕ್ಕು 1987ರ ಕಾನೂನಿನಿಂದ ಇದೆ. ನಾಚಿಕೆಪಟ್ಟು ಒಳಗೇ ಕೊರಗಬೇಡಿ, ಬಂದು ಹೇಳಿ.

ಆ ತಂಗಿಯನ್ನು ನಾವು ಕೇಳಿದೆವು: "ನೀನು ಎಲ್ಲಿಯಾದರೂ ಸಹಿ ಹಾಕಿದ್ದೀಯಾ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಕ್ಷಿಗೆ ಅಂತ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಓದಿ ಹೇಳಲಿಲ್ಲ" ಎಂದಳು. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಆಕೆಯ ಗಂಡನನ್ನು ಕೆಳಗೆ ಕರೆಸಿದ್ದೇವೆ. ಅವನನ್ನೂ ಕರೆದುಕೊಂಡು ಹೋಗಿ ಆ ಕಾಗದವನ್ನು ತೋರಿಸಿರೆಂದು ಕೇಳುತ್ತೇವೆ.