ವರದಿ ನಾರ್ಮಲ್, ನೋವು ಹಾಗೇ ಇದೆ

ಮೂತ್ರದ ಕಲ್ಚರ್‌ನಲ್ಲಿ ಸೋಂಕಿಲ್ಲ, ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ. ಆದರೂ ಕಿಬ್ಬೊಟ್ಟೆ, ವೃಷಣ, ವೃಷಣಕ್ಕೂ ಗುದಕ್ಕೂ ನಡುವಿನ ಜಾಗ ತಿಂಗಳುಗಟ್ಟಲೆ ನೋಯುತ್ತಲೇ ಇರುತ್ತದೆ. ದೀರ್ಘಕಾಲದ ಪ್ರಾಸ್ಟೇಟ್ ಉರಿಯೂತ ಇದೆಯೆನ್ನಿಸಿಕೊಂಡ ಗಂಡಸರಲ್ಲಿ ಹೆಚ್ಚಿನವರ ಪಾಡು ಇದೇ. ಬ್ಯಾಕ್ಟೀರಿಯಾ ಸಿಗುವುದು ಕೆಲವರಲ್ಲಿ ಮಾತ್ರ. ಪ್ರಾಸ್ಟೇಟಿನಲ್ಲಿ ಉರಿಯೂತವಿದ್ದೂ ಯಾವ ತೊಂದರೆಯೂ ಕಾಣದವರೂ ಇದ್ದಾರೆ. ಅಂದಮೇಲೆ ಸಂಕಟ ಎಷ್ಟೆಂಬುದನ್ನು ಲ್ಯಾಬ್ ಹೇಳಲಾರದು. ರೋಗಿ ಹೇಳಬೇಕು, ಅದಕ್ಕೆ ವೈದ್ಯರು ಕೇಳಬೇಕು.

ಕೇಳುವ ಕ್ರಮವೊಂದು 1999ರಿಂದಲೇ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಲಕ್ಷಣ ಸೂಚ್ಯಂಕದಲ್ಲಿರುವುದು ಒಂಬತ್ತೇ ಪ್ರಶ್ನೆ, ಅವೂ ಹಿಂದಿನ ಒಂದು ವಾರದ ಬಗ್ಗೆ. ಒಟ್ಟು 43 ಅಂಕ: ನೋವಿಗೆ 21, ಮೂತ್ರದ ತೊಂದರೆಗೆ 10, ಬದುಕಿನ ಗುಣಮಟ್ಟಕ್ಕೆ 12. ‘ಮೂತ್ರ ಸರಿಯಾಗಿ ಹೋಗುತ್ತಾ?’ ಎಂದಷ್ಟೇ ಕೇಳಿ ಕಳಿಸುವ ವೈದ್ಯರು ಈ ಲೆಕ್ಕದಲ್ಲಿ ಕಾಲು ಭಾಗವನ್ನೂ ಮುಟ್ಟಿದಂತಾಗುವುದಿಲ್ಲ. ಇನ್ನು ಮುಂದೆ ಜೀವನಪೂರ್ತಿ ಹೀಗೇ ಇದ್ದರೆ ಹೇಗನ್ನಿಸುತ್ತದೆ ಎಂಬ ಒಂದೇ ಪ್ರಶ್ನೆಗೆ ಅಲ್ಲಿ 6 ಅಂಕಗಳಿವೆ.

ಈ ಅಳತೆ ಬರೀ ಕಾಗದದ ಕೆಲಸವಲ್ಲ. ಬಹುಕಾಲದಿಂದ ನರಳುತ್ತಿದ್ದವರಿಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್, ಮೂತ್ರದ ಹರಿವನ್ನು ಸರಾಗಗೊಳಿಸುವ ಟ್ಯಾಮ್ಸುಲೋಸಿನ್ ಮಾತ್ರೆಗಳನ್ನು ಆರು ವಾರ ಕೊಟ್ಟು ಇದೇ ಸೂಚ್ಯಂಕದಿಂದ ಅಳೆದ ಅಮೆರಿಕದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಹುಸಿಮಾತ್ರೆಗಿಂತ ಗಮನಾರ್ಹ ಲಾಭ ಅವುಗಳಿಂದ ಆಗಿರಲಿಲ್ಲ. ಆದರೂ ಸೋಂಕು ಕಾಣದವರಿಗೂ ಆ್ಯಂಟಿಬಯಾಟಿಕ್ ಕೋರ್ಸ್‌ಗಳು ಒಂದರ ಮೇಲೊಂದು ನಡೆದೇ ಇವೆ.

ಅಂಕಪಟ್ಟಿಗೆ ಮಿತಿಯಿದೆ. ಅದು ರೋಗವನ್ನು ಪತ್ತೆಹಚ್ಚುವುದಿಲ್ಲ, ಕ್ಯಾನ್ಸರ್ ಇಲ್ಲವೆಂದು ಖಾತ್ರಿಪಡಿಸುವುದೂ ಇಲ್ಲ. ಜ್ವರ, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು ಕಂಡರೆ ತಪಾಸಣೆ ತಡವಾಗಬಾರದು. ವೀರ್ಯಸ್ಖಲನದ ಹೊತ್ತಿನ ನೋವನ್ನು ಪಟ್ಟಿ ಕೇಳುತ್ತದೆ. ದಾಂಪತ್ಯದ ಬಿರುಕನ್ನು, ಖಿನ್ನತೆಯನ್ನು ಕೇಳುವುದಿಲ್ಲ. ಅವನ್ನು ವೈದ್ಯರೇ ಬಾಯಿಬಿಟ್ಟು ವಿಚಾರಿಸಬೇಕು, ಅದೂ ಬಾಗಿಲು ಮುಚ್ಚಿ, ರೋಗಿಗೆ ಅರ್ಥವಾಗುವ ಕನ್ನಡದಲ್ಲಿ.

ಇದಕ್ಕೆ ಹೊಸ ಯಂತ್ರ ಬೇಡ, ಹಣವೂ ಬೇಡ. ಮೊದಲ ಭೇಟಿಯಲ್ಲೊಮ್ಮೆ, ಚಿಕಿತ್ಸೆಯ ಬಳಿಕ ಇನ್ನೊಮ್ಮೆ ಅಂಕ ಬರೆದಿಡಿ. ಆರರಷ್ಟಾದರೂ ಇಳಿದಿದ್ದರೆ ಗುಣ ಕಂಡಿದೆ ಎನ್ನಬಹುದು. ಇಳಿಯದಿದ್ದರೆ ಅದೇ ಮಾತ್ರೆಯ ಚೀಟಿಯನ್ನು ಮತ್ತೊಮ್ಮೆ ಬರೆಯಬೇಡಿ.